ಆಕರಕೋಶಕ್ಕೂ ಅದನ್ನು ತಯಾರಿಸುವ ವಿಧಾನಕ್ಕೂ ಪೇಟೆಂಟ್ ಅರ್ಜಿ: ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ

ಸ್ಟೆಮ್ ಸೆಲ್ ಎಂದು ರೂಢಿಯಲ್ಲಿರುವ ಆಕರಕೋಶಗಳ ಮೇಲಿನ ಪೇಟೆಂಟ್ ಅರ್ಜಿಗಳು ಹೆಚ್ಚಾಗಿ ಒಂದೇ ಜಾಗದಲ್ಲಿ ಮುಗ್ಗರಿಸುತ್ತವೆ. ಸಂಶೋಧಕರು ಕೋಶವನ್ನೇ ಮುಂದಿಟ್ಟುಕೊಂಡು ಅರ್ಜಿ ಶುರುಮಾಡುತ್ತಾರೆ. ಅದನ್ನು ತಯಾರಿಸಿದ ಬಗೆಯನ್ನು ಕೊನೆಗೆ, ಅರ್ಧ ಪುಟದಲ್ಲಿ ಮುಗಿಸುತ್ತಾರೆ. ಪೇಟೆಂಟ್ ಕಚೇರಿಯ ಪರೀಕ್ಷಕರು ಕೇಳುವ ಮೊದಲ ಪ್ರಶ್ನೆ ಇಷ್ಟೇ: ಈ ಕೋಶ ದೇಹದಲ್ಲಿ ಮೊದಲೇ ಇತ್ತಲ್ಲವೇ? ಉತ್ತರ ಆ ಅರ್ಧ ಪುಟದಲ್ಲಿರಬೇಕಿತ್ತು, ಆದರೆ ಅಲ್ಲಿ ಇರುವುದಿಲ್ಲ. ಸಲ್ಲಿಸಿದ ದಿನದ ನಂತರ ಅದನ್ನು ಸೇರಿಸಲು ಅವಕಾಶವೂ ಇಲ್ಲ.

ಹಾಗಾಗಿ ಈ ಮಾರ್ಗದರ್ಶಿಯ ಒತ್ತು ಕ್ರಮದ ಮೇಲಿದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಇದು ನುರಿತ ಪೇಟೆಂಟ್ ಏಜೆಂಟರ ಜಾಗವನ್ನು ತುಂಬುವುದಿಲ್ಲ. ಅವರ ಮುಂದೆ ಕುಳಿತಾಗ ನಿಮ್ಮ ಕೈಯಲ್ಲಿ ಸರಿಯಾದ ಕಾಗದಗಳು ಇರುವಂತೆ ಮಾಡುತ್ತದೆ.

ಮೊದಲು ಜೋಡಿಸಿಕೊಳ್ಳಬೇಕಾದವು

ದಿನಾಂಕ ಮತ್ತು ಸಹಿ ಇರುವ ಪ್ರಯೋಗದ ನೋಟ್‌ಬುಕ್‌ಗಳು. ಕೋಶದಾನಿಯ ಒಪ್ಪಿಗೆ ಪತ್ರದ ಪ್ರತಿ. ಕೋಶ, ವಾಹಕ ವೈರಸ್, ಪ್ಲಾಸ್ಮಿಡ್ (ಜೀನ್ ಸಾಗಿಸುವ ಡಿಎನ್‌ಎ ಉಂಗುರ) ಇವುಗಳನ್ನು ಬೇರೆಯವರಿಂದ ಪಡೆದಿದ್ದರೆ ಆ ಸಾಮಗ್ರಿ ವರ್ಗಾವಣೆ ಒಪ್ಪಂದಗಳು. ಕೋಶಗಳ ಗುರುತುಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೆಟ್ರಿಯ ಮೂಲ ಕಡತಗಳು (ಚಿತ್ರಗಳಷ್ಟೇ ಸಾಲವು), ವರ್ಣತಂತು ಪರೀಕ್ಷೆಯ ವರದಿ, ಮೈಕೋಪ್ಲಾಸ್ಮಾ (ಬೆಳೆಸಿದ ಕೋಶಗಳಿಗೆ ತಗಲುವ ಬ್ಯಾಕ್ಟೀರಿಯಾ) ಪರೀಕ್ಷೆಯ ವರದಿ, ಕೋಶಸಾಲಿನ (ಒಂದೇ ಮೂಲದಿಂದ ಬೆಳೆಸುತ್ತ ಬಂದ ಕೋಶಗಳ) ಗುರುತು ದೃಢಪಡಿಸುವ ಎಸ್‌ಟಿಆರ್ ಪರೀಕ್ಷೆಯ ವರದಿ. ಇವುಗಳ ಜೊತೆಗೆ, ತಂಡದ ಯಾರಾದರೂ ಈ ಕೆಲಸದ ಬಗ್ಗೆ ಹೊರಗೆ ಮಾತನಾಡಿದ, ಬರೆದ, ತೋರಿಸಿದ ಪ್ರತಿ ಸಂದರ್ಭದ ಪಟ್ಟಿ.

ಈ ಕೊನೆಯ ಪಟ್ಟಿಯನ್ನು ಯಾರೂ ಮನಸ್ಸಿಟ್ಟು ಮಾಡುವುದಿಲ್ಲ. ಮೊದಲ ಹಂತ ನಿಂತಿರುವುದೇ ಅದರ ಮೇಲೆ.

ಹಂತ 1: ಹೊರಗೆ ಹೋದ ಮಾತನ್ನು ಲೆಕ್ಕ ಹಾಕಿ

ಪೇಟೆಂಟಿಗೆ ಹೊಸತನ ಬೇಕು. ನಿಮ್ಮದೇ ಪ್ರಬಂಧ, ಸಮ್ಮೇಳನದ ಪೋಸ್ಟರ್, ಪ್ರಿಪ್ರಿಂಟ್ (ಪರಿಶೀಲನೆಗೆ ಮುಂಚೆಯೇ ಹೊರಬಿಟ್ಟ ಪ್ರಬಂಧ), ಗ್ರಂಥಾಲಯ ಸೇರಿದ ಪಿಎಚ್‌.ಡಿ. ಮಹಾಪ್ರಬಂಧ ಇವು ನಿಮ್ಮ ಅರ್ಜಿಯ ವಿರುದ್ಧವೇ ಸಾಕ್ಷಿಯಾಗಬಲ್ಲವು. ಅಮೆರಿಕದಲ್ಲಿ ಸಂಶೋಧಕರ ಸ್ವಂತ ಪ್ರಕಟಣೆಗೆ ಒಂದು ವರ್ಷದ ರಿಯಾಯಿತಿ ಇದೆ. ಜಪಾನಿನಲ್ಲೂ ಒಂದು ವರ್ಷ ಸಿಗುತ್ತದೆ, ಆದರೆ ಅದನ್ನು ವಿಧಿಪೂರ್ವಕ ಕೇಳಬೇಕು. ಯುರೋಪಿನ ಪೇಟೆಂಟ್ ಕಚೇರಿಯಲ್ಲಿ ಸಾಮಾನ್ಯ ಪ್ರಕಟಣೆಗೆ ಅಂಥ ರಿಯಾಯಿತಿಯೇ ಇಲ್ಲ.

ನಾನು ಕರಡು ನೋಡಿಕೊಟ್ಟ ಒಂದು ತಂಡ ಎಲ್ಲವನ್ನೂ ಜೋಪಾನವಾಗಿ ಮಾಡಿತ್ತು. ಅರ್ಜಿ ಸಲ್ಲಿಸುವ ಮೂರು ವಾರಗಳ ಮುಂಚೆ ಅವರ ವಿದ್ಯಾರ್ಥಿನಿಯೊಬ್ಬರು ಸಮ್ಮೇಳನವೊಂದರಲ್ಲಿ ಪೋಸ್ಟರ್ ಹಚ್ಚಿದ್ದರು. ಪೋಸ್ಟರಿನ ಎಡಮೂಲೆಯ ಪೆಟ್ಟಿಗೆಯಲ್ಲಿ ಬೆಳವಣಿಗೆಯ ಅಂಶಗಳ ಹೆಸರು, ಅವುಗಳ ಸಾಂದ್ರತೆ, ಯಾವ ದಿನ ಯಾವುದು ಎಂಬುದೆಲ್ಲ ಇತ್ತು. ಆ ಒಂದು ಪೆಟ್ಟಿಗೆಯಿಂದ ಅವರು ಯುರೋಪನ್ನು ಕಳೆದುಕೊಂಡರು. ತಪ್ಪು ವಿದ್ಯಾರ್ಥಿನಿಯದಲ್ಲ, ಆಕೆಗೆ ಯಾರೂ ಹೇಳಿರಲಿಲ್ಲ.

ಅಪಾಯದ ಸೂಚನೆ: "ಸಾರಾಂಶ ಮಾತ್ರ ಅಚ್ಚಾಗಿದೆ, ವಿವರ ಇಲ್ಲ" ಎಂದು ಯಾರಾದರೂ ಹೇಳಿದರೆ ಆ ಸಾರಾಂಶವನ್ನು ತರಿಸಿ, ನೀವೇ ಓದಿ.

ಹಂತ 2: ಕೋಶ ಎಲ್ಲಿಂದ ಬಂತು ಎಂಬುದನ್ನು ಕಾಗದದಲ್ಲಿ ಹಿಡಿಯಿರಿ

ಬೇರೆ ತಂತ್ರಜ್ಞಾನಗಳಲ್ಲಿ ಕಚ್ಚಾವಸ್ತು ಎಲ್ಲಿಂದ ಬಂತೆಂಬುದು ಅಷ್ಟು ಮುಖ್ಯವಲ್ಲ. ಆಕರಕೋಶದಲ್ಲಿ ಅದೇ ಅರ್ಜಿಯನ್ನು ಉಳಿಸಬಹುದು, ಮುಳುಗಿಸಲೂಬಹುದು. ಆದ್ದರಿಂದ ಈ ಹಂತದಲ್ಲಿ ಅವಸರ ಬೇಡ.

ಮಾನವ ಭ್ರೂಣದಿಂದ ಬಂದ ಕೋಶವಾದರೆ ಯುರೋಪಿನ ನಿಯಮ ಬಿಗಿಯಾಗಿದೆ. ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧನಾ ಪ್ರತಿಷ್ಠಾನದ ಅರ್ಜಿಯ ಮೇಲೆ ಯುರೋಪಿನ ಪೇಟೆಂಟ್ ಕಚೇರಿಯ ವಿಸ್ತೃತ ಮೇಲ್ಮನವಿ ಮಂಡಳಿ 2008ರ ನವೆಂಬರ್‌ನಲ್ಲಿ ತೀರ್ಪಿತ್ತಿತು. ಸಲ್ಲಿಕೆಯ ದಿನದಂದು ಭ್ರೂಣವನ್ನು ನಾಶಮಾಡದೆ ಪಡೆಯಲಾಗದ ಕೋಶಕ್ಕೆ ಪೇಟೆಂಟ್ ಇಲ್ಲ ಎಂಬುದು ಅದರ ತಿರುಳು. ಕ್ಲೇಮ್‌ನಲ್ಲಿ, ಅಂದರೆ ಅರ್ಜಿಯಲ್ಲಿ ಹಕ್ಕು ಕೇಳುವ ವಾಕ್ಯದಲ್ಲಿ, ಭ್ರೂಣದ ಹೆಸರೇ ಬರದಿದ್ದರೂ ಈ ನಿಯಮ ಅನ್ವಯಿಸುತ್ತದೆ. 2011ರಲ್ಲಿ ಯುರೋಪಿನ ನ್ಯಾಯಾಲಯ ಬ್ರೂಸ್ಟ್ಲೆ ಪ್ರಕರಣದಲ್ಲಿ ಅದೇ ದಾರಿ ಹಿಡಿಯಿತು. 2014ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ ಒಂದು ಬಾಗಿಲು ತೆರೆಯಿತು: ಫಲೀಕರಣವಿಲ್ಲದೆ ವಿಭಜಿಸುವಂತೆ ಪ್ರಚೋದಿಸಿದ ಅಂಡಾಣುವಿಗೆ ಮನುಷ್ಯನಾಗಿ ಬೆಳೆಯುವ ಅಂತರ್ಗತ ಶಕ್ತಿ ಇಲ್ಲದಿದ್ದರೆ ಅದು ಭ್ರೂಣವಲ್ಲ.

ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. "ನಾವು ಭ್ರೂಣವನ್ನು ಮುಟ್ಟಿಲ್ಲ, ಕೋಶಸಾಲನ್ನು ಕೋಶಬ್ಯಾಂಕಿನಿಂದ ಕೊಂಡೆವು" ಎಂಬ ವಾದ. ಆ ಸಾಲು ದಶಕಗಳ ಹಿಂದೆ ಹೇಗೆ ಹುಟ್ಟಿತೆಂಬುದನ್ನೂ ಯುರೋಪಿನ ಮಂಡಳಿಗಳು ನೋಡುತ್ತವೆ. ಹಾಗಾಗಿ ನಿಮ್ಮ ವಿಧಾನ ಭ್ರೂಣನಾಶವಿಲ್ಲದ ಮೂಲದಿಂದಲೂ, ಅಂದರೆ ಪ್ರೇರಿತ ಬಹುಶಕ್ತ ಕೋಶ (ಬೆಳೆದ ಕೋಶವನ್ನು ಯಾವ ಅಂಗಾಂಶವಾಗಿಯೂ ಬದಲಾಗಬಲ್ಲ ಸ್ಥಿತಿಗೆ ಮರಳಿಸಿದ್ದು) ಅಥವಾ ಹಾಗೆ ಪ್ರಚೋದಿಸಿದ ಅಂಡಾಣುವಿನಿಂದ ಬಂದ ಸಾಲಿನಿಂದಲೂ, ನಡೆಯುತ್ತದೆ ಎಂಬುದನ್ನು ವಿವರಣೆಯಲ್ಲಿ ಬರೆಯಿರಿ. ಸಾಧ್ಯವಾದರೆ ಆ ಕೋಶಗಳಲ್ಲಿ ಒಂದು ಪ್ರಯೋಗವನ್ನು ನಡೆಸಿಯೇ ಬರೆಯಿರಿ.

ಉಳಿದ ಕಡೆಗಳಲ್ಲಿ ಗೆರೆ ಬೇರೆ ಬೇರೆ ಜಾಗದಲ್ಲಿದೆ. ಅಮೆರಿಕದಲ್ಲಿ ಭ್ರೂಣಮೂಲದ ಕೋಶಕ್ಕೆ ನೈತಿಕತೆಯ ಆಧಾರದ ನಿಷೇಧವಿಲ್ಲ. ಚೀನಾ 2019ರ ನವೆಂಬರ್‌ನಿಂದ, ಗರ್ಭದಲ್ಲಿ ಬೆಳೆಯದ, ಹದಿನಾಲ್ಕು ದಿನದೊಳಗಿನ ಭ್ರೂಣದಿಂದ ಪಡೆದ ಕೋಶಗಳನ್ನು ಪರಿಗಣಿಸುತ್ತಿದೆ. ಭಾರತದ ಪೇಟೆಂಟ್ ಕಾಯ್ದೆಯ 3ನೇ ಕಲಮಿನಲ್ಲಿ ನಾಲ್ಕು ಉಪಕಲಮುಗಳು ಎದುರಾಗುತ್ತವೆ: ನೈತಿಕತೆಗೆ ವಿರುದ್ಧವಾದದ್ದು, ನಿಸರ್ಗದಲ್ಲಿರುವ ಜೀವವಸ್ತುವಿನ ಶೋಧ, ಚಿಕಿತ್ಸಾ ವಿಧಾನ, ಪ್ರಾಣಿ ಅಥವಾ ಅದರ ಭಾಗ.

ಇನ್ನು ಒಪ್ಪಿಗೆ ಪತ್ರ. ದಾನಿ "ಸಂಶೋಧನೆಗೆ" ಎಂದಷ್ಟೇ ಸಹಿ ಮಾಡಿದ್ದರೆ ವಾಣಿಜ್ಯ ಬಳಕೆಯ ಪ್ರಶ್ನೆ ತೆರೆದೇ ಇರುತ್ತದೆ. 1990ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಮೂರ್ ಪ್ರಕರಣದಲ್ಲಿ ರೋಗಿಗೆ ತನ್ನ ಕೋಶಗಳ ಮೇಲೆ ಒಡೆತನದ ಹಕ್ಕನ್ನು ಕೊಡಲಿಲ್ಲ. ಆದರೆ ವೈದ್ಯರು ತಮ್ಮ ಹಣಕಾಸಿನ ಆಸಕ್ತಿಯನ್ನು ತಿಳಿಸಲೇಬೇಕಿತ್ತು ಎಂದಿತು. ಇದನ್ನು ಕಾನೂನಿನ ಭಯದಿಂದ ಮಾತ್ರ ಹೇಳುತ್ತಿಲ್ಲ. ತನ್ನ ದೇಹದ ತುಣುಕು ಎಲ್ಲಿಗೆ ಹೋಗುತ್ತದೆಂದು ತಿಳಿಯುವುದು ಕೊಟ್ಟವರ ಹಕ್ಕು.

ಅಪಾಯದ ಸೂಚನೆ: ಸಾಮಗ್ರಿ ವರ್ಗಾವಣೆ ಒಪ್ಪಂದದಲ್ಲಿ "ಈ ಸಾಮಗ್ರಿಯಿಂದ ಹುಟ್ಟಿದ ಎಲ್ಲದರ ಮೇಲೆ" ಎಂಬ ಅರ್ಥದ ಸಾಲು ಕಂಡರೆ ಅಲ್ಲೇ ನಿಲ್ಲಿ. ಕೊಟ್ಟ ಸಂಸ್ಥೆಯೊಂದಿಗೆ ಬರವಣಿಗೆಯಲ್ಲಿ ಇತ್ಯರ್ಥವಾಗುವವರೆಗೆ ಮುಂದೆ ಹೋಗಬೇಡಿ.

ಹಂತ 3: ಹುಡುಕಾಟ, ಎರಡು ಉದ್ದೇಶಕ್ಕೆ

ಮೊದಲನೆಯದು, ನಿಮ್ಮದು ಹೊಸದೇ ಎಂದು ನೋಡಲು. ಎರಡನೆಯದು, ಅದನ್ನು ಬಳಸಲು ನಿಮಗೆ ದಾರಿ ಇದೆಯೇ ಎಂದು ನೋಡಲು. ಪೇಟೆಂಟ್ ಸಿಕ್ಕರೆ ಬಳಸುವ ಹಕ್ಕೂ ಸಿಕ್ಕಿತೆಂದು ಅನೇಕರು ತಿಳಿಯುತ್ತಾರೆ. ಅದು ತಪ್ಪು. ಪೇಟೆಂಟ್ ಇನ್ನೊಬ್ಬರನ್ನು ತಡೆಯುವ ಹಕ್ಕು ಮಾತ್ರ. ನಿಮ್ಮ ವಿಧಾನದ ಒಳಗೆ ಬೇರೆಯವರ ಪೇಟೆಂಟ್ ಇರುವ ಹಂತವೊಂದಿದ್ದರೆ ನಿಮಗೆ ಅವರ ಪರವಾನಗಿ ಬೇಕು.

ಪದ ಹಾಕಿ ಹುಡುಕಿದರೆ ಅರ್ಧ ಸಿಗುವುದಿಲ್ಲ, ಏಕೆಂದರೆ ಒಂದೇ ಕೋಶಕ್ಕೆ ಹತ್ತು ಹೆಸರುಗಳಿವೆ. ವರ್ಗೀಕರಣ ಸಂಖ್ಯೆಯಿಂದ ಹುಡುಕಿ. ಭ್ರೂಣಮೂಲದ ಬಹುಶಕ್ತ ಕೋಶಗಳು ಸಿ12ಎನ್ 5/0606ರಲ್ಲಿವೆ. ಪ್ರೇರಿತ ಬಹುಶಕ್ತ ಕೋಶಗಳು ಸಿ12ಎನ್ 5/0696ರಲ್ಲಿ, ಮೂಳೆಮಜ್ಜೆಯ ಮೀಸೆಂಕೈಮಲ್ ಕೋಶಗಳು (ಮೂಳೆ, ಮೃದ್ವಸ್ಥಿ, ಕೊಬ್ಬಾಗಿ ಬದಲಾಗಬಲ್ಲವು) 5/0663ರಲ್ಲಿ, ಕೊಬ್ಬಿನ ಅಂಗಾಂಶದವು 5/0667ರಲ್ಲಿ ಸಿಗುತ್ತವೆ. ಯಾವ ಕೋಶದಿಂದ ಯಾವ ಕೋಶ ಎಂಬ ರೂಪಾಂತರಕ್ಕೆ 2506ರ ಸರಣಿ ಇದೆ. ಯುರೋಪಿನ ಎಸ್ಪೇಸ್‌ನೆಟ್ ಮತ್ತು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಪೇಟೆಂಟ್‌ಸ್ಕೋಪ್ ಎರಡರಲ್ಲೂ ಈ ಸಂಖ್ಯೆಗಳನ್ನು ಉಚಿತವಾಗಿ ಹಾಕಿ ನೋಡಬಹುದು.

ಅರ್ಜಿಗಳು ಆದ್ಯತಾ ದಿನಾಂಕದಿಂದ, ಅಂದರೆ ಮೊದಲ ಅರ್ಜಿಯ ದಿನದಿಂದ, ಹದಿನೆಂಟು ತಿಂಗಳಾದ ಮೇಲೆ ಪ್ರಕಟವಾಗುತ್ತವೆ. ಆ ಅವಧಿಯೊಳಗಿನವು ನಿಮಗೆ ಕಾಣವು. ಸಲ್ಲಿಸುವ ಮುಂಚೆ ಒಮ್ಮೆ, ಆರು ತಿಂಗಳ ನಂತರ ಇನ್ನೊಮ್ಮೆ ಹುಡುಕಿ.

ಹಂತ 4: ವ್ಯತ್ಯಾಸವನ್ನು ಅಳೆಯಿರಿ

ಅರ್ಜಿಯ ಬೆನ್ನೆಲುಬು ಇಲ್ಲಿದೆ.

ಕರಡುಗಳಲ್ಲಿ ಮತ್ತೆ ಮತ್ತೆ ಕಾಣುವ ವಾಕ್ಯ ಇದು: "ಸಿಡಿ73, ಸಿಡಿ90, ಸಿಡಿ105 ಇರುವ, ಸಿಡಿ34 ಮತ್ತು ಸಿಡಿ45 ಇಲ್ಲದ ಮೀಸೆಂಕೈಮಲ್ ಆಕರಕೋಶ." ಸಿಡಿ ಸಂಖ್ಯೆಗಳು ಕೋಶದ ಮೇಲ್ಮೈಯಲ್ಲಿರುವ ಗುರುತಿನ ಅಣುಗಳ ಹೆಸರು. 2006ರಲ್ಲಿ ಅಂತರರಾಷ್ಟ್ರೀಯ ಕೋಶಚಿಕಿತ್ಸಾ ಸಂಘ ಈ ಕೋಶಗಳಿಗೆ ಕನಿಷ್ಠ ಲಕ್ಷಣಗಳನ್ನು ಗೊತ್ತುಮಾಡಿತು. ಮೊದಲ ಮೂರು ಕನಿಷ್ಠ ಶೇ 95ರಷ್ಟು ಕೋಶಗಳಲ್ಲಿ ಇರಬೇಕು, ಇರಬಾರದವು ಶೇ 2ರಷ್ಟು ಕೋಶಗಳನ್ನು ಮೀರಬಾರದು. ಅಂದರೆ ಆ ವಾಕ್ಯ ಲೋಕದ ಎಲ್ಲ ಪ್ರಯೋಗಾಲಯಗಳ ಕೋಶವನ್ನೂ ವರ್ಣಿಸುತ್ತದೆ. ನಿಮ್ಮದನ್ನು ಬೇರ್ಪಡಿಸುವುದಿಲ್ಲ.

ಇನ್ನೊಂದು ಗುಂಡಿ ಇದಕ್ಕಿಂತ ಆಳ. ಯಾರೂ ಅಳೆಯದ ಹೊಸ ಗುರುತನ್ನು ನೀವು ಅಳೆದಿರಿ ಎಂದಿಟ್ಟುಕೊಳ್ಳಿ. ಹಳೆಯ ವಿಧಾನದಲ್ಲಿ ಬೆಳೆಸಿದ ಕೋಶಗಳಲ್ಲೂ ಅದು ಇದ್ದು, ಯಾರೂ ನೋಡಿರಲಿಲ್ಲವಾದರೆ ಕೋಶ ಹೊಸದಲ್ಲ, ಅಳತೆ ಮಾತ್ರ ಹೊಸದು. ಇದಕ್ಕೆ ಒಂದೇ ಮದ್ದು: ಹಂತ 3ರಲ್ಲಿ ಸಿಕ್ಕ ಅತಿ ಸಮೀಪದ ಹಳೆಯ ವಿಧಾನವನ್ನು ನಿಮ್ಮದೇ ಪ್ರಯೋಗಾಲಯದಲ್ಲಿ, ಅದೇ ದಾನಿಯ ಕೋಶದಿಂದ, ಅದೇ ವಾರ, ಪಕ್ಕಪಕ್ಕದಲ್ಲಿ ನಡೆಸಿ. ಎರಡೂ ತಟ್ಟೆಗಳನ್ನು ಒಂದೇ ಯಂತ್ರದಲ್ಲಿ ಅಳೆಯಿರಿ. ಕನಿಷ್ಠ ಮೂವರು ದಾನಿಗಳಲ್ಲಿ ಇದನ್ನು ಮಾಡಿ ಎಂಬುದು ನನ್ನ ಆಗ್ರಹ. ಒಬ್ಬ ದಾನಿಯ ಫಲಿತಾಂಶ ಆ ದಾನಿಯ ಗುಣವೂ ಆಗಿರಬಹುದು.

ಅಳೆಯಬೇಕಾದದ್ದು ಮೇಲ್ಮೈ ಗುರುತುಗಳಷ್ಟೇ ಅಲ್ಲ. ಹೆಪ್ಪುಗಟ್ಟಿಸಿಟ್ಟ ಕೋಶಗಳನ್ನು ಕರಗಿಸಿದ ಮೇಲೆ ಬದುಕುಳಿದ ಪ್ರಮಾಣ, ದುಪ್ಪಟ್ಟಾಗುವ ಅವಧಿ, ಎಷ್ಟನೇ ಪ್ಯಾಸೇಜಿನವರೆಗೆ (ಹೊಸ ತಟ್ಟೆಗೆ ವರ್ಗಾಯಿಸುವ ಸರದಿ) ಗುಣ ಉಳಿಯಿತು, ಯಾವ ಅಂಗಾಂಶವಾಗಿ ಎಷ್ಟು ಪಾಲು ಬದಲಾಯಿತು ಎಂಬಂಥ ನಡವಳಿಕೆಯ ಅಂಕಿಗಳು ಪರೀಕ್ಷಕರ ಮುಂದೆ ಹೆಚ್ಚು ತೂಗುತ್ತವೆ.

ಅಪಾಯದ ಸೂಚನೆಗಳು: ಪ್ಯಾಸೇಜ್ ಹೆಚ್ಚಿದಂತೆ ಬೆಳವಣಿಗೆ ಇದ್ದಕ್ಕಿದ್ದಂತೆ ಚುರುಕಾದರೆ ಸಂತೋಷಪಡುವ ಮುಂಚೆ ವರ್ಣತಂತು ನೋಡಿ. ಮಾನವ ಬಹುಶಕ್ತ ಕೋಶಗಳಲ್ಲಿ 12, 17 ಮತ್ತು 20ನೇ ವರ್ಣತಂತುಗಳ ಭಾಗಗಳು ಹೆಚ್ಚಾಗುವುದು ತಿಳಿದ ಸಂಗತಿ, ಅಂಥ ಕೋಶ ಬೇಗ ಬೆಳೆಯುತ್ತದೆ. ನಿಮ್ಮ "ಸುಧಾರಣೆ" ಅದೇ ಆಗಿರಬಹುದು. ತಂಡದಲ್ಲಿ ಒಬ್ಬರ ಕೈಯಲ್ಲಿ ಮಾತ್ರ ವಿಧಾನ ನಡೆಯುತ್ತಿದ್ದರೂ ಅರ್ಜಿ ಬೇಡ.

ಪೇಟೆಂಟ್ ಕಚೇರಿ ಪ್ರಯೋಗವನ್ನು ತಾನೇ ಮಾಡಿ ನೋಡುವುದಿಲ್ಲ ಎಂಬುದನ್ನು ಮರೆಯಬೇಡಿ. ದಕ್ಷಿಣ ಕೊರಿಯಾದ ಹ್ವಾಂಗ್ ವೂ-ಸುಕ್ ಅವರ ತಂಡದ ಪ್ರಬಂಧಗಳು 2006ರಲ್ಲಿ ಹಿಂತೆಗೆಯಲ್ಪಟ್ಟವು. ತದ್ರೂಪಿ ಭ್ರೂಣದಿಂದ ಬಂದದ್ದೆಂದು ಅವರು ಹೇಳಿದ ಕೋಶಸಾಲು ನಿಜಕ್ಕೂ ಫಲೀಕರಣವಿಲ್ಲದೆ ಬೆಳೆದ ಅಂಡಾಣುವಿನಿಂದ ಬಂದಿದೆ ಎಂದು 2007ರ ಸ್ವತಂತ್ರ ವಿಶ್ಲೇಷಣೆ ತೋರಿಸಿತು. ಆದರೂ ಆ ಸಾಲಿನ ಮೇಲೆ 2014ರಲ್ಲಿ ಅಮೆರಿಕದ ಪೇಟೆಂಟ್ ಹೊರಬಂತು. ನಿಮ್ಮ ಅಂಕಿಗಳ ಪ್ರಾಮಾಣಿಕತೆಗೆ ನೀವೇ ಕಾವಲು, ಬೇರೆ ಕಾವಲಿಲ್ಲ.

ಹಂತ 5: ಮೊದಲು ವಿಧಾನದ ಕ್ಲೇಮ್ ಬರೆಯಿರಿ

ವಿಧಾನದ ಕ್ಲೇಮ್ ಕೋಶದ ಕ್ಲೇಮ್‌ಗಿಂತ ಗಟ್ಟಿ ನೆಲದ ಮೇಲೆ ನಿಲ್ಲುತ್ತದೆ. ಡಾಲಿ ಕುರಿಯನ್ನು ಸೃಷ್ಟಿಸಿದ ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಗೆ ತದ್ರೂಪಿ ಸೃಷ್ಟಿಯ ವಿಧಾನದ ಮೇಲೆ ಪೇಟೆಂಟ್ ಇತ್ತು. ತದ್ರೂಪಿ ಪ್ರಾಣಿಗಳ ಮೇಲೆಯೇ ಕೇಳಿದ ಹಕ್ಕನ್ನು 2014ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ತಳ್ಳಿಹಾಕಿತು: ಡಾಲಿ ಎಂಬ ಕುರಿ ತನ್ನ ಮೂಲ ಕುರಿಯ ತಳಿನಕಲೇ ಆಗಿತ್ತು. 2016ರಲ್ಲಿ ಅದೇ ನ್ಯಾಯಾಲಯ ಯಕೃತ್ತಿನ ಕೋಶಗಳನ್ನು ಎರಡು ಸಲ ಹೆಪ್ಪುಗಟ್ಟಿಸಿ ಉಳಿಸುವ ವಿಧಾನವನ್ನು ಪೇಟೆಂಟಿಗೆ ಅರ್ಹವೆಂದಿತು. ಎರಡು ಸಲ ಹೆಪ್ಪುಗಟ್ಟಿದರೂ ಬದುಕುವ ಶಕ್ತಿ ಕೆಲವು ಕೋಶಗಳಿಗೆ ನಿಸರ್ಗದಿಂದಲೇ ಇದೆ. ಆದರೆ ಆ ತಿಳಿವನ್ನು ಬಳಸಿ ಉಪಯುಕ್ತ ಕೋಶಸಂಗ್ರಹವನ್ನು ತಯಾರಿಸುವ ಕ್ರಮ ಮನುಷ್ಯನದು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ನೋಟ್‌ಬುಕ್ಕಿನ ಸಾಲು ಹೀಗಿದೆ: "ಕೋಶ ಬಿಡಿಸಿದೆ, ವೈ-27632 ಹಾಕಿದೆ, ಮರುದಿನ ಮೀಡಿಯಂ ಬದಲಿಸಿದೆ, ಚೆನ್ನಾಗಿ ಅಂಟಿಕೊಂಡಿವೆ." (ವೈ-27632 ಎಂದರೆ ಬಿಡಿಸಿದ ಕೋಶಗಳು ಸಾಯದಂತೆ ಹಾಕುವ ರಾಸಾಯನಿಕ.) ಇದರಿಂದ ಕ್ಲೇಮ್ ಹುಟ್ಟದು. ಯಾವ ಕಿಣ್ವದಿಂದ ಎಷ್ಟು ನಿಮಿಷ ಬಿಡಿಸಿದಿರಿ? ಒಂಟಿ ಕೋಶವೋ ಗುಂಪೋ? ಚದರ ಸೆಂಟಿಮೀಟರಿಗೆ ಎಷ್ಟು ಕೋಶ ಬಿತ್ತಿದಿರಿ? ತಟ್ಟೆಯ ಲೇಪ ಯಾವುದು? 10 ಮೈಕ್ರೋಮೋಲಾರ್ ಎಂಬ ರೂಢಿಯ ಪ್ರಮಾಣವೇ, ಬೇರೆಯೇ? ಎಷ್ಟು ಗಂಟೆ? ಆಮ್ಲಜನಕ ಶೇ 21ರಲ್ಲೋ ಶೇ 5ರಲ್ಲೋ? ಇವುಗಳಲ್ಲಿ ಯಾವುದನ್ನು ಬದಲಿಸಿದರೆ ಫಲಿತಾಂಶ ಕೆಡುತ್ತದೋ ಅದು ಮುಖ್ಯ ಕ್ಲೇಮ್‌ಗೆ ಹೋಗಬೇಕು. ಬದಲಿಸಿದರೂ ಕೆಡದದ್ದು ಅಧೀನ ಕ್ಲೇಮ್‌ಗೋ (ಮುಖ್ಯ ಕ್ಲೇಮ್ ಅನ್ನು ಆಧರಿಸಿ ವಿವರ ಸೇರಿಸುವಂಥದ್ದು) ವಿವರಣೆಗೋ ಸಾಕು.

ಪ್ರತಿ ಅಂಕಿಗೂ ಮೂರು ಮೆಟ್ಟಿಲು ಬರೆದಿಡಿ: ಅಗಲವಾದ ವ್ಯಾಪ್ತಿ, ನಡುವಿನ ವ್ಯಾಪ್ತಿ, ನೀವು ನಿಜವಾಗಿ ಬಳಸಿದ ಅಂಕಿ. ಅಗಲವಾದದ್ದು ಬಿದ್ದರೆ ಹಿಂದೆ ಸರಿಯಲು ನೆಲ ಇರುತ್ತದೆ. ಆದರೆ ತೀರಾ ಅಗಲ ಬೇಡ. 2023ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆಮ್‌ಜೆನ್ ಪ್ರಕರಣದಲ್ಲಿ, ಎಷ್ಟು ಹಕ್ಕು ಕೇಳುತ್ತೀರೋ ಅಷ್ಟನ್ನೂ ಮಾಡಿ ನೋಡಲು ಬೇಕಾದ ತಿಳಿವಳಿಕೆ ಕೊಟ್ಟಿರಬೇಕು ಎಂದಿತು. ಅದು ಪ್ರತಿಕಾಯಗಳ ಪ್ರಕರಣ, ಆದರೆ ಇಲಿಯ ಕೋಶದಲ್ಲಿ ಮಾಡಿ "ಯಾವುದೇ ಸಸ್ತನಿಯ ಕೋಶ" ಎಂದು ಬರೆಯುವವರಿಗೂ ಇದೇ ಉತ್ತರ ಸಿಗುತ್ತದೆ. ಪ್ರೇರಿತ ಬಹುಶಕ್ತ ಕೋಶಗಳನ್ನು ಮೊದಲು ತಯಾರಿಸಿದ ಜಪಾನಿನ ಯಮನಕ ಅವರ ತಂಡವೂ 2006ರಲ್ಲಿ ಇಲಿಯಲ್ಲಿ ತೋರಿಸಿದ್ದನ್ನು 2007ರಲ್ಲಿ ಮಾನವ ಕೋಶಗಳಲ್ಲಿ ಬೇರೆಯಾಗಿಯೇ ಮಾಡಿ ತೋರಿಸಬೇಕಾಯಿತು.

ಹಂತ 6: ಆಮೇಲೆ ಕೋಶದ ಕ್ಲೇಮ್

ಕೋಶದ ಮೇಲಿನ ಹಕ್ಕು ಸಿಕ್ಕರೆ ಬೆಲೆ ಹೆಚ್ಚು, ಏಕೆಂದರೆ ಯಾವ ವಿಧಾನದಿಂದ ಮಾಡಿದರೂ ಅದು ಅನ್ವಯಿಸುತ್ತದೆ. ಸಿಗುವುದು ಕಷ್ಟವಾಗಿರುವುದೂ ಅದಕ್ಕೇ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ 1980ರ ಚಕ್ರಬರ್ತಿ ತೀರ್ಪು ಮನುಷ್ಯ ಮಾಡಿದ ಜೀವಿಗೆ ದಾರಿ ತೆರೆಯಿತು. ಅದೇ ನ್ಯಾಯಾಲಯದ 2013ರ ಮಿರಿಯಡ್ ತೀರ್ಪು ನಿಸರ್ಗದಿಂದ ಬೇರ್ಪಡಿಸಿದ ಡಿಎನ್‌ಎಗೆ ಅದನ್ನು ಮುಚ್ಚಿತು. "ಬೇರ್ಪಡಿಸಿದ", "ಶುದ್ಧೀಕರಿಸಿದ" ಎಂಬ ವಿಶೇಷಣಗಳು ಇಂದು ಅಮೆರಿಕದಲ್ಲಿ ಕೋಶವನ್ನು ಕಾಪಾಡುವುದಿಲ್ಲ. ನಿಸರ್ಗದ ಕೋಶಕ್ಕಿಲ್ಲದ, ಅಳೆಯಬಹುದಾದ ಗುಣ ಬೇಕು. ಹಂತ 4ರ ಪಕ್ಕಪಕ್ಕದ ಪ್ರಯೋಗ ಇಲ್ಲಿ ಕೈಹಿಡಿಯುತ್ತದೆ.

ಬಿಡಿ ಕೋಶಕ್ಕಿಂತ ಕೋಶಸಮೂಹವನ್ನು ಕೇಳುವುದು ಲೇಸು: ಇಷ್ಟು ಪಾಲು ಈ ಗುರುತು ಇರುವ, ಇಂಥ ಆಧಾರ ವಸ್ತುವಿನಲ್ಲಿರುವ, ಕರಗಿಸಿದ ಮೇಲೆ ಇಷ್ಟು ಬದುಕುಳಿಯುವ ಸಮೂಹ. "ಈ ವಿಧಾನದಿಂದ ಪಡೆದ ಕೋಶ" ಎಂಬ ರೂಪವನ್ನೂ ಸೇರಿಸಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಕೋಶ ಹಳೆಯದೇ ಆಗಿದ್ದರೆ ತಯಾರಿಸಿದ ದಾರಿ ಹೊಸದೆಂಬ ಮಾತ್ರಕ್ಕೆ ಅದು ಹೊಸದಾಗದು.

ಹಂತ 7: ವಿವರಣೆ, ಠೇವಣಿ, ಅನುಕ್ರಮ ಪಟ್ಟಿ

ವಿವರಣೆಯನ್ನು ಬರೆದು ಮುಗಿಸಿದ ಮೇಲೆ, ಈ ಪ್ರಯೋಗ ಮಾಡದ ಆದರೆ ಕೋಶ ಬೆಳೆಸಬಲ್ಲ ಸಹೋದ್ಯೋಗಿಯ ಕೈಗೆ ಕೊಡಿ. ಅವರು ನಿಮ್ಮನ್ನು ಏನನ್ನೂ ಕೇಳದೆ ಮಾಡಬೇಕು. ಅವರು ಕೇಳುವ ಪ್ರತಿ ಪ್ರಶ್ನೆ ವಿವರಣೆಯಲ್ಲಿರುವ ಒಂದು ತೂತು.

ಬರೆದು ತಿಳಿಸಲಾಗದ ನಿರ್ದಿಷ್ಟ ಕೋಶಸಾಲಾದರೆ ಅದನ್ನು 1977ರ ಬುಡಾಪೆಸ್ಟ್ ಒಪ್ಪಂದದಡಿ ಮಾನ್ಯತೆ ಪಡೆದ ಸಂಗ್ರಹಾಲಯದಲ್ಲಿ ಠೇವಣಿ ಇಡಬೇಕು. ಅಲ್ಲಿ ಅದನ್ನು ಕನಿಷ್ಠ ಮೂವತ್ತು ವರ್ಷ ಕಾಪಾಡುತ್ತಾರೆ. ಎಲ್ಲ ಸಂಗ್ರಹಾಲಯಗಳೂ ಮಾನವ ಕೋಶವನ್ನು ತೆಗೆದುಕೊಳ್ಳುವುದಿಲ್ಲ, ಮೊದಲೇ ವಿಚಾರಿಸಿ. ಯುರೋಪಿಗೆ ಹೋಗುವುದಾದರೆ ಠೇವಣಿ ಸಲ್ಲಿಕೆಯ ದಿನದೊಳಗೆ ಆಗಿರಬೇಕು. ಮೈಕೋಪ್ಲಾಸ್ಮಾ ತಗುಲಿದ ಮಾದರಿ ಹಿಂತಿರುಗಿ ಬಂದು ದಿನಾಂಕ ತಪ್ಪಿದ ಕಥೆಗಳಿಗೆ ಕೊರತೆಯಿಲ್ಲ. ಎರಡು ತಿಂಗಳು ಮೊದಲೇ ಕಳುಹಿಸಿ.

ಡಿಎನ್‌ಎ ಅಥವಾ ಪ್ರೋಟೀನ್ ಅನುಕ್ರಮಗಳಿದ್ದರೆ 2022ರ ಜುಲೈ 1ರಿಂದ ಎಸ್‌ಟಿ.26 ಎಂಬ ಅಂತರರಾಷ್ಟ್ರೀಯ ಮಾದರಿಯ ಕಡತ ಕಡ್ಡಾಯ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಉಚಿತ ತಂತ್ರಾಂಶದಲ್ಲೇ ಅದನ್ನು ತಯಾರಿಸಬಹುದು.

ಹಂತ 8: ಸಲ್ಲಿಕೆ ಮತ್ತು ಗಡುವುಗಳು

ಮೊದಲ ಅರ್ಜಿಯಿಂದ ಹನ್ನೆರಡು ತಿಂಗಳೊಳಗೆ ಅಂತರರಾಷ್ಟ್ರೀಯ ಅರ್ಜಿ, ಮೂವತ್ತು ಅಥವಾ ಮೂವತ್ತೊಂದು ತಿಂಗಳೊಳಗೆ ಆಯಾ ದೇಶದ ಹಂತ. ರಕ್ಷಣೆಯ ಅವಧಿ ಸಾಮಾನ್ಯವಾಗಿ ಸಲ್ಲಿಕೆಯಿಂದ ಇಪ್ಪತ್ತು ವರ್ಷ.

ಇಲ್ಲಿರುವ ಬಲೆಯನ್ನು ತಿಳಿದವರೂ ತುಳಿಯುತ್ತಾರೆ. ದಿನಾಂಕ ಹಿಡಿಯಲು ನಾಲ್ಕು ಪುಟದ ಅರ್ಜಿ ಸಲ್ಲಿಸುತ್ತಾರೆ, ಮರುವಾರ ಪ್ರಬಂಧ ಪ್ರಕಟಿಸುತ್ತಾರೆ, ವರ್ಷದ ಕೊನೆಗೆ ಪೂರ್ಣ ಅರ್ಜಿ ಹಾಕುತ್ತಾರೆ. ಆ ನಾಲ್ಕು ಪುಟಗಳಲ್ಲಿ ಇಲ್ಲದ ಅಂಶಕ್ಕೆ ಹಳೆಯ ದಿನಾಂಕ ಸಿಗುವುದಿಲ್ಲ. ಅದರ ದಿನಾಂಕ ಪೂರ್ಣ ಅರ್ಜಿಯದು, ಅಷ್ಟರಲ್ಲಿ ಸ್ವಂತ ಪ್ರಬಂಧವೇ ಎದುರು ಸಾಕ್ಷಿಯಾಗಿರುತ್ತದೆ. ಪ್ರಬಂಧದಲ್ಲಿ ಇರುವುದೆಲ್ಲ ಮೊದಲ ಅರ್ಜಿಯಲ್ಲೂ ಇರಲಿ. ಬೇರೆ ದಾರಿ ತೋಚದಿದ್ದರೆ ಪ್ರಬಂಧದ ಕರಡನ್ನೇ ಪೂರಕ ದತ್ತಾಂಶ ಸಮೇತ ಲಗತ್ತಿಸಿ.

ಹಂತ 9: ಪರೀಕ್ಷಕರ ವರದಿ ಬಂದಾಗ

ಮೊದಲ ವರದಿಯಲ್ಲಿ ಎಲ್ಲ ಕ್ಲೇಮ್‌ಗಳಿಗೂ ಆಕ್ಷೇಪ ಇರುವುದು ಸಾಮಾನ್ಯ. ಎದೆಗುಂದಬೇಡಿ. ಆಕ್ಷೇಪಗಳನ್ನು ನಾಲ್ಕಾಗಿ ವಿಂಗಡಿಸಿ: ಹೊಸತನ, ಸ್ವಯಂವೇದ್ಯತೆ (ಕ್ಷೇತ್ರ ಬಲ್ಲವರಿಗೆ ತಾನಾಗಿ ಹೊಳೆಯುವಂಥದ್ದು ಎಂಬ ಆಕ್ಷೇಪ), ವಿವರಣೆಯ ಕೊರತೆ, ಪೇಟೆಂಟಿಗೆ ಅನರ್ಹ ವಿಷಯ. ಉತ್ತರವನ್ನು ಕೊನೆಯದರಿಂದ ಶುರುಮಾಡಿ. ವಿಷಯವೇ ಅನರ್ಹವಾದರೆ ಉಳಿದ ವಾದಗಳು ವ್ಯರ್ಥ.

ಚಿಕಿತ್ಸಾ ವಿಧಾನವೆಂಬ ಆಕ್ಷೇಪ ಬಂದರೆ, ಯುರೋಪಿನಲ್ಲಿ ಅದನ್ನು "ಇಂಥ ರೋಗದ ಚಿಕಿತ್ಸೆಯಲ್ಲಿ ಬಳಸಲು ಈ ಕೋಶಸಮೂಹ" ಎಂಬ ರೂಪಕ್ಕೆ ತಿರುಗಿಸಬಹುದು. ಹೊಸತನದ ಆಕ್ಷೇಪಕ್ಕೆ ಹಂತ 5ರಲ್ಲಿ ಬರೆದಿಟ್ಟ ನಡುವಿನ ಮೆಟ್ಟಿಲಿಗೆ ಇಳಿಯಿರಿ. ಸ್ವಯಂವೇದ್ಯವೆಂಬ ಆಕ್ಷೇಪಕ್ಕೆ ಪಕ್ಕಪಕ್ಕದ ಪ್ರಯೋಗದ ಅಂಕಿಗಳನ್ನು ಮುಂದಿಡಿ.

ಉತ್ತರದಲ್ಲಿ ಆಡುವ ಪ್ರತಿ ಮಾತೂ ಕಡತದಲ್ಲಿ ಉಳಿಯುತ್ತದೆ. "ನಮ್ಮ ಕೋಶದಲ್ಲಿ ಸೀರಮ್ ಎಂದೂ ಇರುವುದಿಲ್ಲ" ಎಂದು ಇಂದು ವಾದಿಸಿ ಗೆದ್ದರೆ, ನಾಳೆ ಸೀರಮ್ ಹಾಕಿ ನಿಮ್ಮ ವಿಧಾನವನ್ನೇ ಬಳಸುವವರನ್ನು ತಡೆಯುವುದು ಕಷ್ಟವಾಗುತ್ತದೆ. ಉತ್ತರ ಕಳುಹಿಸುವ ಮುಂಚೆ ಪ್ರಯೋಗ ಮಾಡಿದವರಿಗೆ ಅದನ್ನು ಓದಲು ಕೊಡಿ. ಬಹಳ ಸಲ "ಎಂದೂ" ಎಂಬ ಪದವನ್ನು ಹೊಡೆದುಹಾಕುವವರು ಅವರೇ.